ಕೆರೆಗೆ ಇಳಿಯುವ ಟ್ರೇಲರಿನ ಹೈಡ್ರಾಲಿಕ್ ಬ್ರೇಕು: ದೋಷ ಪತ್ತೆ ಮತ್ತು ಪಾಲನೆ

ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದು ಅಂಗಳ ಬಿರುಕು ಬಿಡುತ್ತಿದ್ದಂತೆ ಗೋಡು ಹೊಡೆಯುವ ಕೆಲಸ ಪ್ರಾರಂಭವಾಗುತ್ತದೆ. ಮರಳು ಮಿಶ್ರಿತ ಕೆಂಪು ಭೂಮಿಗೆ ಕೆರೆಗೋಡು ಹಾಕಿದರೆ ತೇವ ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚುತ್ತದೆಂಬುದು ರೈತರಿಗೆ ತಿಳಿದ ವಿಷಯವೇ. ಅದನ್ನು ಕುರಿತು ನಾಲ್ಕು ಮಾತು ಹೇಳಲು ಕೆಲವು ವರ್ಷಗಳ ಹಿಂದೆ ಕೆಂಗೇರಿಯಿಂದಾಚೆಯ ಒಂದು ಹಳ್ಳಿಗೆ ಹೋಗಿದ್ದೆ. ಹೋದದ್ದು ಗೋಡಿನ ವಿಚಾರಕ್ಕೆ. ಕಲಿತು ಬಂದದ್ದು ಬ್ರೇಕಿನ ವಿಚಾರ.

ಅಂದು ಗೋಡು ತುಂಬಿದ ಒಂದು ಟ್ರೇಲರು ಏರಿ ಹತ್ತಿ ಗದ್ದೆಯ ಕಡೆಗೆ ಇಳಿಯುತ್ತಿತ್ತು. ಅರ್ಧ ಇಳಿಜಾರಿನಲ್ಲಿ ಟ್ರೇಲರು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳತೊಡಗಿತು. ಚಾಲಕನು ಬ್ರೇಕು ಒತ್ತಿದ. ಟ್ರ್ಯಾಕ್ಟರಿನ ಹಿಂಗಾಲಿಗಳು ನಿಂತವು, ಟ್ರೇಲರು ನಿಲ್ಲಲಿಲ್ಲ. ಅದು ಪಕ್ಕಕ್ಕೆ ಹೊರಳಿ ಟ್ರ್ಯಾಕ್ಟರಿನ ಮೂತಿಯನ್ನು ಬದಿಗೆ ತಿರುಗಿಸಿ ಒಂದು ಹೊಂಗೆ ಮರಕ್ಕೆ ಒರಗಿ ನಿಂತಿತು. ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಹುಡುಗ ಮೊದಲೇ ಹಾರಿಕೊಂಡಿದ್ದ. ಯಾರಿಗೂ ಪೆಟ್ಟಾಗಲಿಲ್ಲ. ಮರವಿಲ್ಲದಿದ್ದರೆ ಏನಾಗುತ್ತಿತ್ತೆಂದು ಅಲ್ಲಿದ್ದವರು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ಟ್ರೇಲರಿಗೆ ಬ್ರೇಕು ಇರಲಿಲ್ಲವೆಂದಲ್ಲ. ಹೈಡ್ರಾಲಿಕ್ ಬ್ರೇಕೇ ಇತ್ತು. ಮರುದಿನ ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದಾಗ ಕಥೆ ಹೊರಬಿತ್ತು. ಹಿಂದಿನ ವರ್ಷ ಬ್ರೇಕ್ ಆಯಿಲ್ ಕಡಿಮೆಯಾದಾಗ ಕೈಗೆ ಸಿಕ್ಕಿದ ಎಂಜಿನ್ ಆಯಿಲ್ ಸುರಿದಿದ್ದರು. ಅದರಿಂದ ಒಳಗಿನ ರಬ್ಬರ್ ಕಪ್ಪುಗಳು ಉಬ್ಬಿಕೊಂಡವು. ಉಬ್ಬಿದ್ದರಿಂದ ಒತ್ತಿದ ಬ್ರೇಕು ಹಿಂದಕ್ಕೆ ಬರದೆ ಗಾಲಿ ಹಿಡಿದುಕೊಳ್ಳತೊಡಗಿತು. ಗಾಲಿ ಕಾಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂದು ಯಾರೋ ಬ್ರೇಕ್ ಶೂಗಳ ಅಡ್ಜಸ್ಟರನ್ನು ಪೂರ್ತಿ ಸಡಿಲಿಸಿದರು. ಗಾಲಿ ಹಗುರವಾಗಿ ತಿರುಗಿತು, ಬ್ರೇಕು ಇಲ್ಲವಾಯಿತು. ಒಂದು ತಪ್ಪನ್ನು ಮುಚ್ಚಲು ಮಾಡಿದ ಇನ್ನೊಂದು ತಪ್ಪು ಏರಿಯ ಮೇಲೆ ಬಯಲಾಯಿತು.

ಭಾರದ ಲೆಕ್ಕ

ಟ್ರ್ಯಾಕ್ಟರಿನ ಬ್ರೇಕೇ ಸಾಕೆಂದು ಹೇಳುವವರು ಈ ಲೆಕ್ಕವನ್ನು ಗಮನಿಸಬೇಕು. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರಿನಲ್ಲಿ 120 ಘನ ಅಡಿ, ಅಂದರೆ ಸುಮಾರು 3.4 ಘನ ಮೀಟರ್ ಗೋಡು ಹಿಡಿಯುತ್ತದೆ. ಹಸಿ ಗೋಡು ಘನ ಮೀಟರಿಗೆ ಒಂದೂವರೆ ಟನ್ನಿಗೆ ಕಡಿಮೆ ತೂಗುವುದಿಲ್ಲ. ಆದ್ದರಿಂದ ಹೊರೆಯೇ 5 ಟನ್ನು; ಟ್ರೇಲರಿನ ಸ್ವಂತ ತೂಕ ಸೇರಿ 6 ಟನ್ನು ದಾಟುತ್ತದೆ. ಎಳೆಯುವ 35-40 ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕ 2 ಟನ್ನಿನ ಆಸುಪಾಸು. 10 ಅಡಿಗೆ 1 ಅಡಿ ಇಳಿಯುವ ಜಾಡಿನಲ್ಲಿ ಈ ಟ್ರೇಲರು ಸುಮಾರು 600 ಕಿ.ಗ್ರಾಂ. ಬಲದಿಂದ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತಿರುತ್ತದೆ. ಎತ್ತಿನ ಗಾಡಿ ಇಳಿಜಾರಿನಲ್ಲಿ ಎತ್ತುಗಳ ಕತ್ತಿನ ಮೇಲೆ ಬಂದು ಬೀಳುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೂರು ಪಾಲು ಭಾರವನ್ನು ಒಂದು ಪಾಲು ತಡೆಯಬೇಕೆಂದರೆ ಆಗುವ ಮಾತಲ್ಲ. ಟ್ರೇಲರನ್ನು ಟ್ರೇಲರಿನ ಬ್ರೇಕೇ ನಿಲ್ಲಿಸಬೇಕು.

ವೇಗದ ಲೆಕ್ಕ ಇನ್ನೂ ಕಠಿಣ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಕಾಲು ಬ್ರೇಕಿನ ಮೇಲೆ ಬೀಳುವ ಒಂದು ಸೆಕೆಂಡಿನಲ್ಲೇ ಗಾಡಿ 18 ಅಡಿ ಮುಂದೆ ಹೋಗಿರುತ್ತದೆ.

ಕೆಂಗೇರಿಯ ಸುತ್ತಮುತ್ತ ಈ ಮಾತಿಗೆ ಈಗ ಹೆಚ್ಚು ಬೆಲೆ ಬಂದಿದೆ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಯಿತು. ಟ್ರ್ಯಾಕ್ಟರುಗಳು ಸರ್ವೀಸ್ ರಸ್ತೆಯಲ್ಲಿ ಬಸ್ಸು, ಸ್ಕೂಟರು, ಅಡ್ಡ ಬರುವ ಜನರ ನಡುವೆ ಹತ್ತು ಹೆಜ್ಜೆಗೊಮ್ಮೆ ನಿಂತು ಹೋಗಬೇಕು. ಜೊತೆಗೆ ನೀರಿನ ಟ್ಯಾಂಕರುಗಳು ಬೇರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವ ತಲೆದೋರಿದಾಗ ಟ್ರ್ಯಾಕ್ಟರು ಎಳೆಯುವ ಟ್ಯಾಂಕರುಗಳು ಹಗಲು ರಾತ್ರಿ ಓಡಾಡಿದವು. 5,000 ಲೀಟರ್ ನೀರು ಎಂದರೆ 5 ಟನ್ನು. ಅರ್ಧ ತುಂಬಿದ ಟ್ಯಾಂಕರು ಇನ್ನೂ ಕೆಟ್ಟದ್ದು: ಬ್ರೇಕು ಹಾಕಿದ ಮರುಕ್ಷಣದಲ್ಲಿ ಒಳಗಿನ ನೀರು ಮುಂದಕ್ಕೆ ಅಪ್ಪಳಿಸಿ ಎರಡನೆಯ ಸಲ ತಳ್ಳುತ್ತದೆ. ಟ್ಯಾಂಕಿನೊಳಗೆ ಅಡ್ಡ ತಗಡುಗಳಿಲ್ಲದಿದ್ದರೆ ಅರ್ಧ ತುಂಬಿಕೊಂಡು ರಸ್ತೆಗೆ ಇಳಿಯಬಾರದು.

ಬ್ರೇಕು ಕೆಲಸ ಮಾಡುವ ಬಗೆ

ಹೈಡ್ರಾಲಿಕ್ ಬ್ರೇಕಿನಲ್ಲಿ ಸರಳು, ತಂತಿಗಳ ಬದಲು ಎಣ್ಣೆಯೇ ಬಲವನ್ನು ಒಯ್ಯುತ್ತದೆ. ಮುಚ್ಚಿದ ಕೊಳವೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ಮುಖ 3 ಚ.ಸೆಂ.ಮೀ. ಇದ್ದು ಅದನ್ನು 150 ಕಿ.ಗ್ರಾಂ. ಬಲದಿಂದ ಒತ್ತಿದೆವೆಂದು ಇಟ್ಟುಕೊಳ್ಳೋಣ. ಒತ್ತಡ ಚ.ಸೆಂ.ಮೀ.ಗೆ 50 ಕಿ.ಗ್ರಾಂ. ಆಯಿತು. ಗಾಲಿಯ ಬಳಿ ಇರುವ ವೀಲ್ ಸಿಲಿಂಡರಿನ ಪಿಸ್ಟನ್ 4 ಚ.ಸೆಂ.ಮೀ. ಇದ್ದರೆ ಅದು ಬ್ರೇಕ್ ಶೂವನ್ನು 200 ಕಿ.ಗ್ರಾಂ. ಬಲದಿಂದ ಡ್ರಮ್ಮಿಗೆ ಒತ್ತುತ್ತದೆ. ಎಡಗಾಲಿಗೂ ಅಷ್ಟೇ, ಬಲಗಾಲಿಗೂ ಅಷ್ಟೇ. ಈ ಸಮಾನತೆಯೇ ಹೈಡ್ರಾಲಿಕ್ ಬ್ರೇಕಿನ ದೊಡ್ಡ ಗುಣ. ಆದರೆ ಎಣ್ಣೆಯನ್ನು ಹಿಚುಕಲು ಆಗದು, ಗಾಳಿಯನ್ನು ಹಿಚುಕಬಹುದು. ಕೊಳವೆಯಲ್ಲಿ ಒಂದಿಷ್ಟು ಗಾಳಿ ಸೇರಿದರೂ ನಮ್ಮ ಒತ್ತು ಆ ಗಾಳಿಯನ್ನು ಹಿಚುಕುವುದರಲ್ಲೇ ಮುಗಿದುಹೋಗುತ್ತದೆ.

ಮಾಸ್ಟರ್ ಸಿಲಿಂಡರನ್ನು ಒತ್ತುವ ಏರ್ಪಾಡುಗಳು ಬೇರೆ ಬೇರೆ. ಕೆಲವು ಟ್ರೇಲರುಗಳಲ್ಲಿ ಟ್ರ್ಯಾಕ್ಟರಿನ ಪೆಡಲಿನಿಂದ ಹೋಸ್ ಪೈಪು ಬಂದಿರುತ್ತದೆ. ಕೆಲವಕ್ಕೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿನ ಎಣ್ಣೆಯೇ ನೇರವಾಗಿ ಬರುತ್ತದೆ. ಮೂರನೆಯ ಬಗೆಯಲ್ಲಿ ಟ್ರೇಲರಿನ ಕಬ್ಬಿಣದ ಮೂಕಿಯೇ ಹಿಂದೆ ಮುಂದೆ ಜಾರುವಂತಿರುತ್ತದೆ. ಟ್ರ್ಯಾಕ್ಟರು ನಿಧಾನವಾದಾಗ ಟ್ರೇಲರು ಮುಂದಕ್ಕೆ ತಳ್ಳುತ್ತದೆ, ಮೂಕಿ ಒಳಕ್ಕೆ ಜಾರಿ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ತಳ್ಳಿದ ಬಲದಿಂದಲೇ ಟ್ರೇಲರು ತನ್ನನ್ನು ತಾನು ತಡೆದುಕೊಳ್ಳುತ್ತದೆ. ಜಾಣತನದ ಏರ್ಪಾಡೇನೋ ಹೌದು, ಆದರೆ ಇದರ ಎರಡು ಸ್ವಭಾವಗಳನ್ನು ತಿಳಿದಿರಲೇಬೇಕು.

ಮೊದಲನೆಯದಾಗಿ, ಹಿಂದಕ್ಕೆ ತಳ್ಳುವಾಗಲೂ ಮೂಕಿ ಒಳಕ್ಕೆ ಜಾರಿ ಬ್ರೇಕು ಹಿಡಿಯುತ್ತದೆ. ಇದನ್ನು ತಪ್ಪಿಸಲು ಒಂದು ತಡೆಪಿನ್ ಕೊಟ್ಟಿರುತ್ತಾರೆ. ಹಿಂದಕ್ಕೆ ತಳ್ಳಿಯಾದ ಮೇಲೆ ಪಿನ್ ತೆಗೆಯಲು ಮರೆತರೆ ರಸ್ತೆಯಲ್ಲಿ ಬ್ರೇಕೇ ಇರುವುದಿಲ್ಲ. ಪಿನ್ನಿಗೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದರೆ ಕಣ್ಣಿಗೆ ಬೀಳುತ್ತದೆ. ಎರಡನೆಯದಾಗಿ, ಏರು ಹತ್ತುವಾಗ ಎಂಜಿನ್ ನಿಂತು ಟ್ರೇಲರು ಹಿಂದಕ್ಕೆ ಜಗ್ಗತೊಡಗಿದರೆ ಈ ಬ್ರೇಕು ಏನೂ ಮಾಡದು. ಮೂಕಿ ಹೊರಕ್ಕೆ ಎಳೆದಿರುತ್ತದೆಯೇ ಹೊರತು ಒಳಕ್ಕೆ ಒತ್ತಿರುವುದಿಲ್ಲ. ಕೆರೆಯ ಅಂಗಳದಿಂದ ಏರಿ ಹತ್ತುವಾಗ ಆಗುವ ಅಪಾಯ ಇದೇ. ಹತ್ತುವಾಗ ಒಬ್ಬ ಆಳು ಗಾಲಿಗೆ ಕೊಡಲು ಮರದ ತುಂಡು ಹಿಡಿದು ಟ್ರೇಲರಿನ ಪಕ್ಕದಲ್ಲಿ, ಹಿಂದೆ ಅಲ್ಲ, ನಡೆದು ಬರಬೇಕು.

ಯಾವ ಎಣ್ಣೆ?

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುವ ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಆಯಿಲ್. ಅದು ಪೆಟ್ರೋಲಿಯಂ ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ಹೊಂದುವ ರಬ್ಬರು ಬೇರೆ. ಎಂಜಿನ್ ಆಯಿಲ್, ಗೇರ್ ಆಯಿಲ್, ಡೀಸೆಲ್, ಸೀಮೆಎಣ್ಣೆ ಇವುಗಳಲ್ಲಿ ಯಾವುದು ತಗುಲಿದರೂ ಆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಇನ್ನೊಂದು ಕಡೆ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿನಿಂದ ನಡೆಯುವ ಬ್ರೇಕುಗಳಲ್ಲಿ ಖನಿಜ ಎಣ್ಣೆಗೆ ಹೊಂದುವ ರಬ್ಬರು ಇರುತ್ತದೆ. ಅದಕ್ಕೆ ಡಾಟ್ ದ್ರವ ಹಾಕಿದರೆ ಅದೂ ಕೆಡುತ್ತದೆ. ಆದ್ದರಿಂದ ಮುಚ್ಚಳದ ಮೇಲೆ ಅಥವಾ ಪುಸ್ತಿಕೆಯಲ್ಲಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕಬೇಕು.

ಹಳೆಯ ಟ್ರೇಲರು ಕೊಂಡವರು ಒಳಗೆ ಏನಿದೆಯೆಂದು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದ ನೀರಿಗೆ ಆ ದ್ರವದ ಕೆಲವು ಹನಿ ಬಿಟ್ಟು ಕಲಕಬೇಕು. ಗ್ಲೈಕಾಲ್ ದ್ರವವಾದರೆ ನೀರಿನಲ್ಲಿ ಬೆರೆತುಹೋಗುತ್ತದೆ. ಖನಿಜ ಎಣ್ಣೆಯಾದರೆ ಮೇಲೆ ತೇಲುತ್ತದೆ. ಡಾಟ್ ದ್ರವವಿರಬೇಕಾದ ಕಡೆ ತೇಲಿದರೆ, ಎಣ್ಣೆ ಚೆಲ್ಲಿ ಹೊಸದು ತುಂಬುವುದು ಸಾಲದು. ಎಲ್ಲ ರಬ್ಬರ್ ಕಪ್ಪುಗಳನ್ನೂ ಹೋಸ್ ಪೈಪನ್ನೂ ಬದಲಾಯಿಸಿ ಕೊಳವೆಗಳನ್ನು ತೊಳೆಯಬೇಕು. ತೊಳೆಯುವುದು ಹೊಸ ಬ್ರೇಕ್ ಆಯಿಲಿನಿಂದ ಅಥವಾ ಸ್ಪಿರಿಟ್ಟಿನಿಂದ, ಡೀಸೆಲಿನಿಂದ ಅಲ್ಲ. ತೊಳೆದ ಎಣ್ಣೆಯನ್ನು ಮತ್ತೆ ಬಳಸಬಾರದು. ಪರೀಕ್ಷೆ ಮಾಡಿದ ಲೋಟವನ್ನು ಅಡಿಗೆ ಮನೆಗೆ ಹಿಂದಿರುಗಿಸಕೂಡದು. ಈ ದ್ರವ ವಿಷ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಂತೂ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ಗ್ಲೈಕಾಲ್ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡ್‌ವರೆಗೆ ಕುದಿಯುವುದಿಲ್ಲ. ಅದೇ ದ್ರವ ತೂಕದಲ್ಲಿ ನೂರಕ್ಕೆ 4 ಭಾಗದಷ್ಟು ನೀರು ಹೀರಿಕೊಂಡರೆ 140ರ ಹತ್ತಿರವೇ ಕುದಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದೇ ಇಳಿದರೆ ಡ್ರಮ್ಮು ಕಾಯ್ದು, ಎಣ್ಣೆಯಲ್ಲಿನ ನೀರು ಆವಿಯಾಗಿ, ಬ್ರೇಕು ಒಮ್ಮೆಗೇ ಮೆತ್ತಗಾಗುವುದು ಇದರಿಂದಲೇ. ಸೀಲು ಒಡೆದ ಡಬ್ಬಿಯನ್ನು ವರ್ಷಗಟ್ಟಲೆ ಇಟ್ಟು ಬಳಸಬಾರದು. ಚಿಕ್ಕ ಡಬ್ಬಿ ಕೊಳ್ಳುವುದು ಲೇಸು. ಕೆರೆಗೆ ಇಳಿಯುವ ಟ್ರೇಲರಿಗೆ ಪ್ರತಿ ಹಂಗಾಮಿನ ಮೊದಲು ಹೊಸ ದ್ರವ ತುಂಬಬೇಕು.

ದೋಷ ಹುಡುಕುವುದು

ಕಾಯಿಲೆ ಯಾವುದೆಂದು ಬ್ರೇಕು ತಾನೇ ಹೇಳುತ್ತದೆ. ಪೆಡಲನ್ನು, ಮೂಕಿ ಬ್ರೇಕಾದರೆ ಅದರ ಸನ್ನೆಯನ್ನು, ಒತ್ತಿ ಹಿಡಿದು ನೋಡಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ. ಬಹಳ ಕೆಳಗೆ ಹೋಗಿ, ಎರಡು ಮೂರು ಸಲ ಒತ್ತಿದ ಮೇಲೆ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂ ಮತ್ತು ಡ್ರಮ್ಮಿನ ನಡುವೆ ಸಂದು ಹೆಚ್ಚಿದೆ, ಅಡ್ಜಸ್ಟ್ ಮಾಡಬೇಕು. ಮೊದಲು ಗಟ್ಟಿಯಾಗಿದ್ದು ಒಂದು ನಿಮಿಷದಲ್ಲಿ ನಿಧಾನವಾಗಿ ಇಳಿದುಹೋದರೆ ಎಲ್ಲೋ ಸೋರುತ್ತಿದೆ. ಕೊಳವೆಯ ಕೂಡುಗಳು, ಹೋಸ್ ಪೈಪು, ಗಾಲಿಯ ಒಳಮೈ ಇವನ್ನು ನೋಡಿ. ಹೊರಗೆಲ್ಲೂ ತೇವ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದು ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ.

ಪೆಡಲು ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ದೋಷ ಎಣ್ಣೆಯದಲ್ಲ. ಲೈನಿಂಗಿಗೆ ಗ್ರೀಸು ತಗುಲಿರಬಹುದು, ಒದ್ದೆಯಾಗಿರಬಹುದು, ಇಲ್ಲವೆ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಅಲುಗದಿರಬಹುದು. ಗ್ರೀಸು ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಕಾವೇರಿದಾಗ ಗ್ರೀಸು ಮತ್ತೆ ಹೊರಬರುತ್ತದೆ. ಸೀಲನ್ನೂ ಲೈನಿಂಗನ್ನೂ ಬದಲಾಯಿಸಬೇಕು, ಅದೂ ಎರಡೂ ಗಾಲಿಗಳಿಗೆ ಒಟ್ಟಿಗೆ. ಒಂದೇ ಕಡೆ ಬದಲಾಯಿಸಿದರೆ ಟ್ರೇಲರು ಆ ಕಡೆಗೆ ಎಳೆಯುತ್ತದೆ. ಡ್ರಮ್ಮಿನ ಒಳಗಿನ ಧೂಳನ್ನು ಬಾಯಿಂದ ಊದಬಾರದು; ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ, ಅದು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಇನ್ನು ಗಾಲಿ ಹಿಡಿದುಕೊಳ್ಳುವ ದೋಷ. ಮೇಲೆ ಹೇಳಿದ ಏರಿಯ ಪ್ರಸಂಗಕ್ಕೆ ಬೀಜ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಮತಟ್ಟಾದ ದಾರಿಯಲ್ಲಿ ಬ್ರೇಕು ಹಾಕದೆ ಒಂದು ಕಿ.ಮೀ. ಹೋಗಿ ನಿಲ್ಲಿಸಿ ಡ್ರಮ್ಮುಗಳ ಹತ್ತಿರ ಅಂಗೈ ಒಡ್ಡಿ ನೋಡಿ. ಒಂದು ಗಾಲಿ ಮಾತ್ರ ಕಾದಿದ್ದರೆ ಅದನ್ನು ಜಾಕಿನಿಂದ ಎತ್ತಿ, ಇತರ ಗಾಲಿಗಳಿಗೆ ಅಡ್ಡ ಕೊಟ್ಟು, ಆ ಗಾಲಿಯ ಗಾಳಿ ತೆಗೆಯುವ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಗಾಲಿ ಸಡಿಲವಾಯಿತೇ? ಹಾಗಾದರೆ ಒತ್ತಡ ಕೊಳವೆಯಲ್ಲಿ ಸಿಕ್ಕಿಕೊಂಡಿದೆ. ಸಡಿಲವಾಗಲಿಲ್ಲವೇ? ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ತುಂಡಾಗಿದೆ ಅಥವಾ ಪಿಸ್ಟನ್ ತುಕ್ಕು ಹಿಡಿದಿದೆ, ಡ್ರಮ್ಮು ಬಿಚ್ಚಲೇಬೇಕು.

ಒತ್ತಡ ಸಿಕ್ಕಿಕೊಂಡಿದ್ದರೆ ನಿಪ್ಪಲು ಬಿಗಿದು ಇನ್ನೊಮ್ಮೆ ಬ್ರೇಕು ಒತ್ತಿ ಬಿಟ್ಟು, ಈ ಸಲ ಮಾಸ್ಟರ್ ಸಿಲಿಂಡರಿನ ಬಳಿಯ ಕೂಡನ್ನು ಸಡಿಲಿಸಬೇಕು. ಅಲ್ಲಿ ಸಡಿಲಿಸಿದಾಗ ಗಾಲಿ ಬಿಟ್ಟುಕೊಂಡರೆ ದೋಷ ಮಾಸ್ಟರ್ ಸಿಲಿಂಡರಿನದು: ಒತ್ತುಗಂಬಿಗೆ ಸಂದು ಇಲ್ಲದೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ, ಅಥವಾ ಕಪ್ಪು ಉಬ್ಬಿದೆ. ಬಿಟ್ಟುಕೊಳ್ಳದಿದ್ದರೆ ಹೋಸ್ ಪೈಪಿನ ಒಳಪದರ ಊದಿ ದಾರಿ ಮುಚ್ಚಿದೆ. ಹೊರಗಿನಿಂದ ಹೊಸದರಂತೆ ಕಾಣುವ ಪೈಪೂ ಒಳಗೆ ಹೀಗಾಗಿರುವುದುಂಟು. ಕಾರಣ ತಿಳಿಯುವವರೆಗೆ ಅಡ್ಜಸ್ಟರನ್ನು ಮುಟ್ಟಕೂಡದು. ಪರೀಕ್ಷೆಗೆ ಸಡಿಲಿಸಿದ ಕಡೆ ಗಾಳಿ ಸೇರಿರುತ್ತದಾದ್ದರಿಂದ ಕೊನೆಗೆ ಗಾಳಿ ತೆಗೆಯಬೇಕು.

ಗಾಳಿ ತೆಗೆಯಲು ಇಬ್ಬರು ಬೇಕು. ಟ್ರೇಲರನ್ನು ಸಮತಟ್ಟಾಗಿ ನಿಲ್ಲಿಸಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಪ್ರಾರಂಭಿಸಬೇಕು. ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಬೇಕು. ಮೇಲಿನವನು ನಿಧಾನವಾಗಿ ಒತ್ತಿ ಹಿಡಿದು ಕೂಗಿ ಹೇಳಬೇಕು. ಕೆಳಗಿನವನು ನಿಪ್ಪಲು ತೆರೆದು ಗುಳ್ಳೆ ಬಿಟ್ಟು ಮತ್ತೆ ಬಿಗಿದ ಮೇಲೆಯೇ ಮೇಲಿನವನು ಕಾಲೆತ್ತಬೇಕು. ಈ ಕ್ರಮ ತಪ್ಪಿದರೆ ಹೋದ ಗಾಳಿ ಹಿಂದಿರುಗುತ್ತದೆ. ಡಬ್ಬಿಯಲ್ಲಿ ಎಣ್ಣೆ ಬರಿದಾಗದಂತೆ ಆಗಾಗ್ಗೆ ತುಂಬುತ್ತಿರಬೇಕು. ಗುಳ್ಳೆಯಿಲ್ಲದೆ ಎಣ್ಣೆ ಬಂದಾಗ ಮುಂದಿನ ಗಾಲಿಗೆ ಹೋಗಬಹುದು.

ನೀರಿನಿಂದ ಆಗುವ ಹಾನಿ

ಅಮೆರಿಕದಲ್ಲಿ ದೋಣಿಗಳನ್ನು ಸರೋವರಕ್ಕೆ ಒಯ್ಯುವ ಟ್ರೇಲರುಗಳಿವೆ. ಅವುಗಳಲ್ಲಿ ಅನೇಕಕ್ಕೆ ಮೂಕಿ ಜಾರುವ ಇದೇ ಹೈಡ್ರಾಲಿಕ್ ಬ್ರೇಕು. ದೋಣಿ ಇಳಿಸಲು ಟ್ರೇಲರನ್ನು ಗಾಲಿ ಮುಳುಗುವವರೆಗೆ ನೀರಿಗೆ ತಳ್ಳುತ್ತಾರೆ; ಬಳಿಕ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲಿಸುತ್ತಾರೆ. ನಮ್ಮ ಗೋಡಿನ ಟ್ರೇಲರಿನ ಪಾಡೂ ಇದೇ. ಎರಡು ತಿಂಗಳು ಕೆಸರಿನಲ್ಲಿ ದುಡಿತ, ಉಳಿದ ಕಾಲ ಹೊಂಗೆ ನೆರಳಿನಲ್ಲಿ ನಿಲುಗಡೆ. ಅವರು ಅನುಭವದಿಂದ ಕಲಿತದ್ದು ನಮಗೂ ಅನ್ವಯಿಸುತ್ತದೆ.

ರಸ್ತೆಯಲ್ಲಿ ಓಡಿ ಬಂದ ಗಾಲಿಯ ಹಬ್ಬು ಬಿಸಿಯಾಗಿರುತ್ತದೆ. ಹಾಗೆಯೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲಿನ ಸಂದಿನಿಂದ ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇರಿಂಗಿನ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಹೀಗೆ ಆಗಿದೆಯೆಂದು ತಿಳಿಯಬೇಕು. ನೀರಿಗಿಳಿಯುವ ಮೊದಲು ಹಬ್ಬು ಮುಟ್ಟುವಷ್ಟು ತಣಿಯಲಿ. ಅರ್ಧ ಗಂಟೆ ನಿಂತರೆ ನಷ್ಟವೇನೂ ಇಲ್ಲ. ನೀರಿನಿಂದ ಮೇಲೆ ಬಂದ ಮೇಲೆ ಸಮತಟ್ಟು ಜಾಗದಲ್ಲಿ ಬ್ರೇಕನ್ನು ಹಗುರವಾಗಿ ಕೆಲವು ಸಲ ಹಿಡಿದು ಬಿಟ್ಟು ಒಣಗಿಸಿಕೊಂಡು ಆಮೇಲೆ ಇಳಿಜಾರಿಗೆ ಹೋಗಬೇಕು. ಸಂಜೆ ಡ್ರಮ್ಮಿನ ಹಿಂಬದಿಯ ಕೆಸರನ್ನು ಬೋರ್‌ವೆಲ್ಲಿನ ನೀರಿನಿಂದ ತೊಳೆಯಬೇಕು. ವೃಷಭಾವತಿಯ ನೀರು ಸೇರುವ ಕೆರೆಯಾದರೆ ತೊಳೆಯುವುದನ್ನು ನಾಳೆಗೆ ಬಿಡಬೇಡಿ. ಅಂಥ ಕೆರೆಯ ಗೋಡಿನ ವಿಚಾರದಲ್ಲಿ ನನ್ನ ಕಸುಬಿನ ಒಂದು ಮಾತು: ನಗರದ ಚರಂಡಿ ಮತ್ತು ಕಾರ್ಖಾನೆಯ ನೀರು ಹರಿದು ಬಂದ ಕಡೆ ಗೋಡಿನಲ್ಲಿ ಭಾರಲೋಹಗಳು ಸೇರಿರಬಹುದು. ಮಣ್ಣು ಪರೀಕ್ಷೆ ಮಾಡಿಸದೆ ಒಂದು ಟ್ರೇಲರೂ ಹೊಲಕ್ಕೆ ಹೊಡೆಸಬಾರದು.

ಹಂಗಾಮಿನ ಮೊದಲ ದಿನ ಖಾಲಿ ಟ್ರೇಲರನ್ನು ಮಣ್ಣಿನ ಬಯಲಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡಿಸಿ ಬ್ರೇಕು ಹಾಕಿ ಗಾಲಿಯ ಗುರುತು ನೋಡಬೇಕು. ಎರಡೂ ಕಡೆ ಸಮನಾಗಿದ್ದರೆ ಅರ್ಧ ಹೊರೆ ಹಾಕಿ ಮತ್ತೆ ನೋಡಿ, ಆಮೇಲೆ ಪೂರ್ತಿ ಹೊರೆ. ರಸ್ತೆಯಲ್ಲಿ ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಸೇರಿಸಿರಲೇಬೇಕು. ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಹಾಕಿಕೊಳ್ಳಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಸುವ ಚಾಲಕನಿಗೆ ಮಾಲೀಕನು ಕೀಲಿ ಕೊಡಬಾರದು. ಮೂಕಿಯ ಮೇಲೆ, ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬಾರದು.

ಕೆಲಸ ಮುಗಿದು ಟ್ರೇಲರನ್ನು ಮಳೆಗಾಲಕ್ಕೆ ನಿಲ್ಲಿಸುವಾಗ ಡ್ರಮ್ಮು ಬಿಚ್ಚಿ ಒಣಗಿಸಿ, ಬೇರಿಂಗಿಗೆ ಹೊಸ ಗ್ರೀಸು ತುಂಬಬೇಕು. ಕೈಬ್ರೇಕು ಎಳೆದು ನಿಲ್ಲಿಸಿದರೆ ಶೂಗಳು ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಕೈಬ್ರೇಕು ಬಿಟ್ಟು, ಗಾಲಿಗಳ ಎರಡೂ ಕಡೆ ಮರದ ತುಂಡು ಕೊಡುವುದು ಸರಿ. ತಿಂಗಳಿಗೊಮ್ಮೆ ಬ್ರೇಕನ್ನು ಹತ್ತು ಸಲ ಒತ್ತಿ ಬಿಟ್ಟರೆ ಪಿಸ್ಟನ್ನುಗಳು ಅಂಟುವುದಿಲ್ಲ. ಟ್ರ್ಯಾಕ್ಟರಿನಿಂದ ಬಿಡಿಸಿದ ಹೋಸ್ ಪೈಪಿನ ಬಾಯನ್ನು ನೆಲಕ್ಕೆ ತಾಗದಂತೆ ಮೇಲೆ ಕಟ್ಟಿ, ಮುಚ್ಚಳ ಕಳೆದುಹೋಗಿದ್ದರೆ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರದಿಂದ ಬಿಗಿಯಬೇಕು.